ಭಾವನ ಕಾರಿನ ತಂಪು

ಕಾರಿನ ಎ.ಸಿ.ಯಲ್ಲಿರುವ ಗ್ಯಾಸು ವರ್ಷಕ್ಕೊಮ್ಮೆ ತಾನಾಗಿಯೇ ಮುಗಿದುಹೋಗುತ್ತದೆ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಪೆಟ್ರೋಲು ಉರಿಯುತ್ತದೆ, ಮುಗಿಯುತ್ತದೆ. ಈ ಗ್ಯಾಸು ಉರಿಯುವುದಿಲ್ಲ. ಮುಚ್ಚಿದ ಕೊಳವೆಗಳೊಳಗೆ ಒಂದೆಡೆ ದ್ರವವಾಗಿ, ಇನ್ನೊಂದೆಡೆ ಆವಿಯಾಗಿ ಸುತ್ತುತ್ತ ಹೊರಟಲ್ಲಿಗೇ ಮರಳುತ್ತದೆ. ನಮ್ಮ ಅಡುಗೆಮನೆಯ ಫ್ರಿಜ್ಜಿನೊಳಗಿರುವುದೂ ಇದೇ ವ್ಯವಸ್ಥೆ. ಅದು ಮನೆಗೆ ಬಂದ ಮೇಲೆ ಎರಡು ಮದುವೆ, ಮೂರು ಬಾಣಂತನ ಆದವು. ಒಮ್ಮೆಯೂ ಗ್ಯಾಸು ತುಂಬಿಸಿದ್ದಿಲ್ಲ. ಕಾರಿನಲ್ಲಿ ರಬ್ಬರ್ ಕೊಳವೆಗಳಿವೆ, ಅಲುಗಾಟವಿದೆ, ಅಷ್ಟಿಷ್ಟು ಸೋರಬಹುದೆಂದು ಒಪ್ಪುತ್ತೇನೆ. ಆದರೆ ಪ್ರತಿ ಬೇಸಿಗೆಗೂ ಪೂರ್ತಿ ಖಾಲಿಯಾದರೆ ಎಲ್ಲೋ ತೂತಿದೆ ಎಂದೇ ಅರ್ಥ.

ಈ ವಾದವನ್ನು ದೊಡ್ಡಬಳ್ಳಾಪುರದ ನಮ್ಮ ಗ್ಯಾರೇಜಿನವನ ಮುಂದಿಟ್ಟೆ. ಅವನು ಕೈಯೊರೆಸಿಕೊಳ್ಳುತ್ತ ಕೇಳಿದ:

"ಅಲ್ಲಾ ಯಜಮಾನ್ರೇ, ನಿಮ್ಮನೆ ಫ್ರಿಜ್ಜು ತೂಬಗೆರೆ ರೋಡಲ್ಲಿ ಓಡಾಡುತ್ತಾ?"

ಸುತ್ತಲಿದ್ದವರು ನಕ್ಕರು. ನನಗೂ ನಗು ಬಂತು. ಅವನು ಮುಂದುವರಿಸಿದ:

"ಗ್ಯಾಸ್ ತುಂಬಿ ಇನ್ನೂ ತಿಂಗಳಾಗಿಲ್ಲ ಅಂತೀರಾ, ಸರಿ. ಡ್ಯಾಶ್‌ಬೋರ್ಡ್ ಒಳಗೆ ಕೂಲಿಂಗ್ ಕಾಯಿಲ್ ಹೋಗಿರುತ್ತೆ. ಪೂರ್ತಿ ಬಿಚ್ಬೇಕು, ಗಾಡಿ ಒಂದ್ವಾರ ಬಿಡಿ. ಇಲ್ಲಾಂದ್ರೆ ಲೀಕ್ ಮುಚ್ಚೋ ಎಣ್ಣೆ ಬರುತ್ತೆ, ಅದನ್ನ ಹಾಕಿ ತಿರ್ಗಾ ಗ್ಯಾಸ್ ತುಂಬ್ತೀನಿ. ಓಡುವಷ್ಟು ದಿನ ಓಡ್ಲಿ."

"ಕಾಯಿಲ್ಲೇ ಹೋಗಿದೆ ಅಂತ ನೋಡಿದೀಯಾ?"

"ನೋಡೋದೇನು ಸಾರ್, ಈ ಮಾಡಲ್‌ಗೆಲ್ಲ ಅದೇ ಹೋಗೋದು."

ನೋಡದೆ ಹೇಳಿದ ಮಾತಿಗಾಗಿ ಡ್ಯಾಶ್‌ಬೋರ್ಡ್ ಬಿಚ್ಚಿಸಲು ನಾನು ಸಿದ್ಧನಿರಲಿಲ್ಲ. ಒಂದು ವಾರ ಕಾಯಲು ಅವಕಾಶವೂ ಇರಲಿಲ್ಲ.

ಕಾರು ನನ್ನದಲ್ಲ, ಅಕ್ಕನದು. ಅದಕ್ಕೂ ಮೊದಲು ಭಾವನದು. ಭಾವ ಮಗ್ಗದವರು, ಮಗ್ಗಗಳ ಸದ್ದಿನಲ್ಲೇ ಎಚ್ಚರಗೊಂಡು ಮಗ್ಗಗಳ ಸದ್ದಿನಲ್ಲೇ ಮಲಗುತ್ತಿದ್ದ ನಮ್ಮ ಬೀದಿಯಲ್ಲಿ ರೇಷ್ಮೆ ಸೀರೆ ನೇಯ್ದು ಬದುಕಿದವರು. ಅಕ್ಕ ಆ ಮನೆ ಸೇರಿದ ದಿನದಿಂದ ಮಗ್ಗದ ಮಗ್ಗುಲಲ್ಲೇ ಕುಳಿತು ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತಿದಳು. ಆ ಕೋಣೆಯ ಧೂಳೋ, ಅದಕ್ಕೂ ಹಿಂದಿನ ಸೌದೆ ಒಲೆಯ ಹೊಗೆಯೋ, ವೈದ್ಯರು ಒಂದನ್ನು ಹೇಳುತ್ತಾರೆ, ನಾನು ಇನ್ನೊಂದನ್ನು ನಂಬುತ್ತೇನೆ. ಅವಳ ಶ್ವಾಸಕೋಶವಂತೂ ಈಗ ಅರ್ಧ ಕೆಲಸವನ್ನಷ್ಟೇ ಮಾಡುತ್ತಿದೆ. ಭಾವ ತೀರಿಕೊಂಡು ಎರಡು ಆಯುಧಪೂಜೆಗಳು ಕಳೆದಿದ್ದವು. ಅಂದಿನಿಂದ ಅಕ್ಕನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವ ಸಾರಥಿ ನಾನೇ.

ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಟಿಪ್ಪರ್ ಲಾರಿಗಳ ಹಿಂದೆ ಕೆಮ್ಮಣ್ಣಿನ ಮೋಡವೇ ಏಳುತ್ತಿತ್ತು. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಬೇಸಿಗೆಯ ಧಗೆಗೆ ಅವಳ ಉಸಿರು ಕಟ್ಟುತ್ತಿತ್ತು. ಬಾಡಿಗೆ ಕಾರಿನಲ್ಲಿ ಒಮ್ಮೆ ಹೋದಾಗ ಮುಂದೆ ಇಟ್ಟಿದ್ದ ಸುವಾಸನೆಯ ಡಬ್ಬಿಗೇ ಕೆಮ್ಮು ಹತ್ತಿ ಹೆಬ್ಬಾಳ ತಲುಪುವ ಮೊದಲೇ ಇಳಿಯಬೇಕಾಯಿತು. ಕಳೆದ ಸಲವಂತೂ ಭಾವನ ಕಾರಿನಲ್ಲೇ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಸ್ಥಿತಿ ಎಷ್ಟು ಹದಗೆಟ್ಟಿತ್ತೆಂದರೆ, ಉಸಿರಿನ ಪರೀಕ್ಷೆಗೆ ಬೇಕಾದ ಒಂದು ದೀರ್ಘ ಉಸಿರನ್ನೂ ಅವಳಿಂದ ಊದಲಾಗಲಿಲ್ಲ. ವೈದ್ಯರು ಆವಿ ಕೊಟ್ಟು, ಸುಧಾರಿಸಿ, ಮುಂದಿನ ವಾರಕ್ಕೆ ಹೊಸ ದಿನ ಗೊತ್ತುಮಾಡಿ ಕಳಿಸಿದರು. ಮುಂದಿನ ಚಿಕಿತ್ಸೆ ಏನೆಂಬುದು ಆ ಪರೀಕ್ಷೆಯ ಮೇಲೆ ನಿಂತಿತ್ತು. ಮನೆಗೆ ಬಂದವಳೇ ಅಕ್ಕ ಹೇಳಿಬಿಟ್ಟಳು:

"ನಾನಿನ್ನು ಬರಲ್ಲ ಕಣೋ. ಆಸ್ಪತ್ರೆಗೆ ಹೋಗಿ ಬರೋದೇ ನಂಗೊಂದು ಕಾಯಿಲೆ ಆಗೋಗಿದೆ. ಏನಾಗುತ್ತೋ ಇಲ್ಲೇ ಆಗ್ಲಿ."

ಅಕ್ಕನ ಹಟ ನನ್ನದಕ್ಕಿಂತ ಹಳೆಯದು. ಕಾರಿನ ತಂಪು ಸರಿಹೋಗದಿದ್ದರೆ ಅವಳು ಬರುವುದಿಲ್ಲ, ಅದರಲ್ಲಿ ಸಂಶಯವಿರಲಿಲ್ಲ. ಹಾಗಾಗಿ ಕೆಲಸವನ್ನು ಅವಳ ಮನೆಯ ಅಂಗಳದಲ್ಲಿ ನಾನೇ ಮಾಡುವುದೆಂದು ತೀರ್ಮಾನಿಸಿದೆ.

ಫ್ರಿಜ್ ರಿಪೇರಿಯ ಪರಿಚಯಸ್ಥನೊಬ್ಬನಿಂದ ನೈಟ್ರೋಜನ್ ಸಿಲಿಂಡರು, ಒತ್ತಡ ತಗ್ಗಿಸುವ ರೆಗ್ಯುಲೇಟರು, ಎರಡು ಮುಳ್ಳಿನ ಗೇಜು, ಗಾಳಿ ಹೀರುವ ಪಂಪು ಕೇಳಿ ತಂದೆ. ಕೊಡುವಾಗ ಅವನು ಎಚ್ಚರಿಸಿದ: "ಅಣ್ಣಾ, ರೆಗ್ಯುಲೇಟರ್ ಇಲ್ದೆ ಸಿಲಿಂಡರ್ ತೆಗೀಬೇಡಿ. ಪೈಪು ಸಿಡಿದ್ರೆ ನಿಮ್ಮನ್ನೂ ಹುಡುಕ್ಬೇಕು, ನನ್ ಗೇಜನ್ನೂ ಹುಡುಕ್ಬೇಕು."

ಮೊದಲ ಹೆಜ್ಜೆ ಸೋರುವ ಜಾಗವನ್ನು ಕಣ್ಣಾರೆ ಕಾಣುವುದು. ಕೊಳವೆಗಳಲ್ಲಿ ಗ್ಯಾಸು ಉಳಿದೇ ಇರಲಿಲ್ಲ. ಗೇಜು ಜೋಡಿಸಿದಾಗ ಮುಳ್ಳು ಅಲುಗಲೂ ಇಲ್ಲ. ಕನ್ನಡಕ ಹಾಕಿ, ಕೈಗವಸು ತೊಟ್ಟು, ನೈಟ್ರೋಜನ್ ಅನ್ನು ನಿಧಾನವಾಗಿ ನೂರೈವತ್ತು ಪಿ.ಎಸ್.ಐ. ಒತ್ತಡದವರೆಗೆ ಬಿಟ್ಟು ಮುಚ್ಚಿದೆ. ಪಾತ್ರೆ ತೊಳೆಯುವ ಸೋಪನ್ನು ಗಟ್ಟಿಯಾಗಿ ನೊರೆ ಮಾಡಿ, ಬಣ್ಣ ಹಚ್ಚುವ ಕುಂಚದಿಂದ ಒಂದೊಂದು ಜೋಡಣೆಗೂ ಸವರಿದೆ. ಕಂಪ್ರೆಸರ್‌ನ ಬಾಯಿ, ರಬ್ಬರು ಅಲ್ಯೂಮಿನಿಯಂ ಕೂಡುವ ತಾವುಗಳು, ಗ್ಯಾಸು ತುಂಬುವ ಎರಡು ತೊಟ್ಟುಗಳು, ಎಲ್ಲೂ ಗುಳ್ಳೆ ಏಳಲಿಲ್ಲ. ಆದರೆ ಗೇಜಿನ ಮುಳ್ಳು ನಿಧಾನವಾಗಿ ಇಳಿಯುತ್ತಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಗ್ಯಾರೇಜಿನವನ ಮಾತೇ ಸರಿಯೇನೋ ಎನಿಸತೊಡಗಿತು. ಕಾಣುವಲ್ಲಿ ಇಲ್ಲವೆಂದ ಮೇಲೆ ಡ್ಯಾಶ್‌ಬೋರ್ಡಿನೊಳಗೇ ಇರಬೇಕಲ್ಲವೇ? ಒಳಗಿನ ಗಾಳಿಕಿಂಡಿಗಳಿಗೆ ಕಿವಿಯಿಟ್ಟು ಕೇಳಿದೆ. ಸೋರುವ ಸದ್ದಿರಲಿಲ್ಲ. ಜಗಲಿಯ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅಕ್ಕ ಕೇಳಿದಳು:

"ಏನ್ಲಾ, ಅದೇನು ಗಾಡೀನೋ ಬಸುರಿ ಹೆಂಗಸೋ? ಹೊಟ್ಟೆಗೆ ಕಿವಿ ಇಟ್ಕೊಂಡು ಕೂತಿದೀಯಲ್ಲ!"

ನಾನು ನೋಡಿರದ ಒಂದು ಭಾಗ ಉಳಿದಿತ್ತು: ಕಾರಿನ ಮೂತಿಯಲ್ಲಿ, ರೇಡಿಯೇಟರಿನ ಮುಂದೆ ನಿಲ್ಲುವ ಕಂಡೆನ್ಸರ್. ಬಿಸಿ ಗ್ಯಾಸು ಗಾಳಿಗೆ ತಣಿದು ದ್ರವವಾಗುವುದು ಅಲ್ಲೇ. ಅದರ ಮೇಲ್ಭಾಗ ಮಾತ್ರ ಕಣ್ಣಿಗೆ ಬೀಳುತ್ತದೆ, ಕೆಳಭಾಗವನ್ನು ಬಂಪರ್ ಮರೆಮಾಡುತ್ತದೆ. ಪ್ರತಿ ವರ್ಷ ಗ್ಯಾಸು ತುಂಬಿದವರಲ್ಲಿ ಯಾರೂ ಬಂಪರ್ ಬಿಚ್ಚಿರಲಿಲ್ಲ ಎಂಬುದು ಅದರ ತುಕ್ಕು ಹಿಡಿದ ತಿರುಪುಗಳಿಂದಲೇ ತಿಳಿಯುತ್ತಿತ್ತು. ಚಕ್ರದ ಪಕ್ಕದ ತಿರುಪುಗಳನ್ನು ತೆಗೆದು, ಪ್ಲಾಸ್ಟಿಕ್ ಗುಂಡಿಗಳನ್ನು ಒಂದೊಂದಾಗಿ ಎಬ್ಬಿಸಿ, ಬಂಪರನ್ನು ಮುಂದಕ್ಕೆ ಎಳೆದೆ. ಅರ್ಧಕ್ಕೆ ಬಂದು ನಿಂತಿತು. ಬಗ್ಗಿ ನೋಡಿದರೆ ಮುಂಭಾಗದ ಜಾಲರಿಯನ್ನು ಒಳಗಿನ ಕಬ್ಬಿಣದ ಪಟ್ಟಿಗೆ ಯಾರೋ ತಂತಿಯಿಂದ ಬಿಗಿದಿದ್ದರು. ಒಂದೇ ತಂತಿಯಲ್ಲ. ತುಕ್ಕು ಹಿಡಿದು ಕಪ್ಪಾದದ್ದರ ಮೇಲೆ ಕಂದು, ಕಂದಿನ ಮೇಲೆ ಇನ್ನೂ ಸ್ವಲ್ಪ ಹೊಳಪುಳಿದದ್ದು, ಹೀಗೆ ಬಳೆಗಳಂತೆ ಸುತ್ತಿದ್ದ ತಂತಿಗಳು. ಕೊನೆಯದರ ಸಂದಿನಲ್ಲಿ ಒಣಗಿದ ಬಾಳೆಪಟ್ಟೆಯ ಚೂರೊಂದು ಅಂಟಿಕೊಂಡಿತ್ತು.

ಆಗ ತಿಳಿಯಿತು. ಆಯುಧಪೂಜೆಗೆ ಕಾರಿನ ಮೂತಿಯ ಎರಡೂ ಬದಿಗೆ ಭಾವ ಬಾಳೆಕಂದು ಕಟ್ಟುತ್ತಿದ್ದರು. ಬಾಳೆ ಬಾಡಿದ ಮೇಲೆ ಅದನ್ನು ಕುಡುಗೋಲಿನಿಂದ ಕೊಯ್ದು ತೆಗೆಯುತ್ತಿದ್ದರು. ತಂತಿ ಮಾತ್ರ ಅಲ್ಲೇ ಉಳಿಯುತ್ತಿತ್ತು. ಪೂಜೆಗೆ ಕಟ್ಟಿದ ಕಟ್ಟನ್ನು ಬಿಚ್ಚಬಾರದೆಂಬುದು ಅವರ ನಂಬಿಕೆ. ಮಗ್ಗಕ್ಕೆ ಕಟ್ಟಿದ್ದನ್ನೂ ಅವರು ಬಿಚ್ಚುತ್ತಿರಲಿಲ್ಲ.

ತಂತಿಗಳ ಹುರಿ ಹೊರಗೆ ಕಾಣುವಂತಿರಲಿಲ್ಲ. ಪ್ರತಿಯೊಂದರ ತುದಿಯನ್ನೂ ಎರಡು ಸುತ್ತು ಹೊಸೆದು, ಮಡಿಸಿ, ಒಳಮುಖವಾಗಿ ಒತ್ತಿದ್ದರು. ಅಂಥ ಒಂದು ತುದಿ ಕಂಡೆನ್ಸರಿನ ತೆಳ್ಳನೆಯ ಅಲ್ಯೂಮಿನಿಯಂ ನಾಳಕ್ಕೆ ತಾಗಿತ್ತು. ತಾಗಿದೆಡೆಯಲ್ಲಿ ಎಣ್ಣೆಯ ಜಿಡ್ಡು. ಜಿಡ್ಡಿಗೆ ಅಂಟಿದ ನಮ್ಮೂರಿನ ಕೆಂಪು ಧೂಳು ಕುಂಕುಮದ ಬೊಟ್ಟಿನಷ್ಟು ದಪ್ಪವಾಗಿತ್ತು. ಗ್ಯಾಸಿನ ಜೊತೆ ಕಂಪ್ರೆಸರ್‌ನ ಎಣ್ಣೆಯೂ ಸ್ವಲ್ಪ ಹೊರಬರುತ್ತದೆ, ಸೋರುವ ತಾವನ್ನು ಅದೇ ತೋರಿಸಿಕೊಡುತ್ತದೆ. ಕುಂಚದಿಂದ ನೊರೆ ಸವರಿದೆ. ಮರುಕ್ಷಣವೇ ಗುಳ್ಳೆಗಳು ಒಂದರ ಬೆನ್ನಿಗೊಂದು ಏಳತೊಡಗಿದವು.

ಗೆದ್ದ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಅಕ್ಕ ಸುಲಿಯುವುದನ್ನು ಬಿಟ್ಟು ಎದ್ದು ಬಂದಿದ್ದಳು. ಭಾವನ ಕೈಯಿಂದಲೇ ಆದ ತೂತೆಂದು ಹೇಳುವುದೋ ಬೇಡವೋ ಎಂದು ನಾನು ತಡವರಿಸುವಷ್ಟರಲ್ಲಿ ಅವಳೇ ಬಗ್ಗಿ ತಂತಿಯನ್ನು ಬೆರಳಿನಿಂದ ಸವರಿದಳು.

"ಇದು ನಿಮ್ ಭಾವನ ಕೈ ಕಣೋ."

"ಹೂಂ. ತುದಿ ಒಳಗಡೆ ಮಡಿಸಿದಾರೆ. ಅದು ಉಜ್ಜಿ ಉಜ್ಜಿ ತೂತಾಗಿದೆ."

ನೇಕಾರರ ಮನೆಯಲ್ಲಿ ಬದುಕಿದವಳಿಗೆ ಬೇರೆ ವಿವರಣೆ ಬೇಕಿರಲಿಲ್ಲ. ನೇಯುವಾಗ ಎಳೆ ಕಡಿದು ಗಂಟು ಹಾಕಿದರೆ ಅದರ ತುದಿ ಸೀರೆಯ ಹಿಂಬದಿಗೆ ಹೋಗಬೇಕು. ಮುಂಬದಿಯಲ್ಲಿ ಕೈಗೆ ತಾಗಬಾರದು. ಭಾವನ ಬೆರಳುಗಳು ಕಬ್ಬಿಣದ ತಂತಿಗೂ ಅದೇ ನಿಯಮವನ್ನು ಅನ್ವಯಿಸಿದ್ದವು.

"ಬೀದಿ ಮಕ್ಕಳು ಬಂದು ಗಾಡಿ ಮೂತಿ ಮುಟ್ತಾವೆ, ಚುಚ್ಚೀತು ಅಂತ ಒಳಕ್ಕೆ ಮಡಿಸೋರು," ಎಂದಳು ಅಕ್ಕ. ಆಮೇಲೆ ನಕ್ಕಳು. "ಮನುಷ್ಯನೂ ಹಂಗೇ ಅಲ್ವೇನೋ? ಬೀದಿಗೆಲ್ಲ ಒಳ್ಳೇವ್ರು. ಚುಚ್ಚಿಸ್ಕೊಂಡೋರು ಮನೆ ಒಳಗಿರೋರು."

ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಬೆನ್ನು ಸವರುತ್ತ ನಿಂತಿದ್ದಾಗ ಕಳೆದ ಸಲದ ಆಸ್ಪತ್ರೆಯ ದಿನ ನನ್ನ ಕಣ್ಣ ಮುಂದೆ ಬಂತು.

ಅವಳೇ ಹೇಳಿದಳು: "ಕತ್ತರಿಸ್ಬಿಡು. ಅವ್ರು ಬಿಚ್ಚಬಾರ್ದು ಅಂದಿದ್ರು. ಕತ್ತರಿಸ್ಬಾರ್ದು ಅಂದಿರ್ಲಿಲ್ಲ."

ಫ್ರಿಜ್ಜಿನವನಿಗೆ ಫೋನಿನಲ್ಲಿ ತಿಳಿಸಿದೆ. ಗಟ್ಟಿಯಾಗುವ ಅಂಟು ಮೆತ್ತಿದರೆ ಸಾಕು, ಬೇಸಿಗೆ ಕಳೆಯುತ್ತದೆ ಎಂದ. ಬಿಸಿಯೂ ಒತ್ತಡವೂ ಅತಿ ಹೆಚ್ಚಿರುವ ಕಡೆ ಅಂಟು ಎಷ್ಟು ದಿನ ನಿಂತೀತು? ಅದು ನಡುದಾರಿಯಲ್ಲಿ ಬಿಟ್ಟುಕೊಟ್ಟರೆ ಅಕ್ಕ ಇನ್ನೆಂದೂ ಕಾರು ಹತ್ತುವುದಿಲ್ಲ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಹೊಸ ಕಂಡೆನ್ಸರನ್ನೇ ತಂದೆ. ತೇವ ಹೀರುವ ಡಬ್ಬಿ ಅದಕ್ಕೆ ಅಂಟಿಕೊಂಡೇ ಬಂದಿತ್ತು. ಜೋಡಿಸುವ ಕ್ಷಣದವರೆಗೂ ಅದರ ಬಾಯಿಯ ಮುಚ್ಚಳ ತೆಗೆಯಲಿಲ್ಲ. ಗಾಳಿಯ ತೇವವನ್ನು ಅದು ಅಂಗಳದಲ್ಲೇ ಕುಡಿದುಬಿಟ್ಟರೆ ಒಳಗೆ ಮಾಡಲು ಅದಕ್ಕೆ ಕೆಲಸವೇ ಉಳಿಯುವುದಿಲ್ಲ. ಹಳೆಯದರೊಂದಿಗೆ ಹೋದ ಎಣ್ಣೆಯ ಬದಲಿಗೆ ಅಷ್ಟೇ ಹೊಸ ಎಣ್ಣೆ ಹಾಕಿ, ಹೊಸ ರಬ್ಬರ್ ಬಳೆಗಳಿಗೂ ಅದೇ ಎಣ್ಣೆ ಸವರಿ, ಜೋಡಣೆಗಳನ್ನು ಬಿಗಿದೆ. ಮತ್ತೆ ನೈಟ್ರೋಜನ್ ಬಿಟ್ಟು ನೋಡಿದೆ. ಊಟ ಮುಗಿಸಿ ಬಂದರೂ ಮುಳ್ಳು ಇಟ್ಟಲ್ಲೇ ಇತ್ತು.

ಇನ್ನು ಉಳಿದದ್ದು ಒಳಗಿನ ಗಾಳಿಯನ್ನೂ ತೇವವನ್ನೂ ಪೂರ್ತಿ ಹೊರಗೆಳೆದು ನಿರ್ವಾತ ಮಾಡುವುದು. ಪಂಪಿನ ಪೆಟ್ಟಿಗೆಯಲ್ಲಿದ್ದ ಹಾಳೆ ಮುಳ್ಳು ಸೊನ್ನೆಯಿಂದ ಕೆಳಗೆ ಪಾದರಸದ ಲೆಕ್ಕದಲ್ಲಿ ಮೂವತ್ತು ಇಂಚಿನ ಸಮೀಪ ಬರಬೇಕು, ಇಲ್ಲದಿದ್ದರೆ ಸೋರಿಕೆಯಿದೆಯೆಂದು ತಿಳಿಯಬೇಕು ಎನ್ನುತ್ತಿತ್ತು. ಮೊಬೈಲಿನಲ್ಲಿ ನೋಡಿದ ವೀಡಿಯೊಗಳೂ ಅದನ್ನೇ ಹೇಳಿದ್ದವು. ಪಂಪು ಓಡಿತು. ಮುಳ್ಳು ಸರಸರನೆ ಇಳಿದು, ಇಪ್ಪತ್ತೇಳರ ಹತ್ತಿರ ನಿಧಾನಿಸಿ, ಅಲ್ಲೇ ನಿಂತಿತು. ಕಾದೆ. ಪಂಪಿನ ಮೈ ಬಿಸಿಯೇರಿತು, ಮುಳ್ಳು ಕದಲಲಿಲ್ಲ.

ಫ್ರಿಜ್ಜಿನವನಿಗೆ ಮತ್ತೆ ಫೋನು ಮಾಡಿದೆ.

"ನಿನ್ನ ಮುಳ್ಳು ಎಲ್ಲಿವರ್ಗೂ ಬರುತ್ತಪ್ಪಾ?"

"ಯಾವನು ನೋಡ್ತಾನೆ ಅಣ್ಣಾ! ಪಂಪ್ ಹಾಕಿ ಟೀಗೆ ಹೋಗ್ತೀನಿ, ಬಂದ್ಮೇಲೆ ಗ್ಯಾಸ್ ಬಿಡ್ತೀನಿ. ಮೂವತ್ತು ಬರ್ಲಿಲ್ಲಾಂದ್ರೆ ಜಾಯಿಂಟಲ್ಲಿ ಎಲ್ಲೋ ಎಳ್ಕೊಳ್ತಿರುತ್ತೆ. ಬಿಚ್ಚಿ ತಿರ್ಗಾ ಹಾಕಿ."

ಅವನ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಒಳಗಿನಿಂದ ಒತ್ತಿದಾಗ ಹಿಡಿದ ರಬ್ಬರ್ ಬಳೆ ಹೊರಗಿನ ಗಾಳಿ ಒತ್ತಿದಾಗ ಬಿಟ್ಟುಕೊಡುವುದುಂಟು. ಮರುದಿನವೇ ಆಸ್ಪತ್ರೆ. ಸ್ಪ್ಯಾನರನ್ನು ಜೋಡಣೆಗೆ ಹಾಕಿದೆ. ತಿರುಗಿಸಿದ್ದರೆ ಅಂದಿನ ಕೆಲಸವೆಲ್ಲ ಮೊದಲಿಗೆ ಬರುತ್ತಿತ್ತು, ಆ ಬಳೆಗಳಿಗೆ ಬದಲಿಯೂ ನನ್ನ ಬಳಿ ಇರಲಿಲ್ಲ.

ಕೈ ತಡೆದದ್ದು ಒಂದು ಹಳೆಯ ನೆನಪು. ಯೌವನದಲ್ಲಿ ನಾನು ಇದೇ ಊರಿನ ಬಣ್ಣದ ಮನೆಯೊಂದರಲ್ಲಿ ರೇಷ್ಮೆ ನೂಲಿನ ಲಡಿಗಳಿಗೆ ಬಣ್ಣ ಕುದಿಸುತ್ತಿದ್ದೆ. ಬಣ್ಣದ ಪುಡಿಯ ಜೊತೆ ಬರುತ್ತಿದ್ದ ಹಾಳೆ ನೀರನ್ನು ನೂರು ಡಿಗ್ರಿಗೆ ತರಬೇಕೆನ್ನುತ್ತಿತ್ತು. ನಮ್ಮ ಥರ್ಮಾಮೀಟರು ತೊಂಬತ್ತೇಳನ್ನು ದಾಟುತ್ತಿರಲಿಲ್ಲ. ಮಾಲೀಕರು "ಸೌದೆ ಹಾಕೋ ಸೋಮಾರಿ" ಎಂದು ಗದರುತ್ತಿದ್ದರು. ಸೌದೆ ಹಾಕಿದಷ್ಟೂ ನೀರು ಉಕ್ಕುತ್ತಿತ್ತೇ ವಿನಾ ಅಂಕಿ ಏರುತ್ತಿರಲಿಲ್ಲ. ಹೊಸ ಥರ್ಮಾಮೀಟರು ತಂದರು, ಅದೂ ತೊಂಬತ್ತೇಳೇ ಎಂದಿತು. ಶಾಲೆಯನ್ನು ಅರ್ಧಕ್ಕೆ ಬಿಟ್ಟಿದ್ದ ನಾನು ಊರಿನ ಗ್ರಂಥಾಲಯದಲ್ಲಿ ಕುಳಿತು, ಹೈಸ್ಕೂಲಿನ ಹಳೆಯ ವಿಜ್ಞಾನ ಪುಸ್ತಕವೊಂದರಲ್ಲಿ ಕಾರಣ ಹುಡುಕಿದೆ. ನೂರು ಎಂಬುದು ಸಮುದ್ರದಂಡೆಯ ಲೆಕ್ಕ. ನಾವಿರುವುದು ಸಮುದ್ರಕ್ಕಿಂತ ಬಹಳ ಎತ್ತರದ ನೆಲದಲ್ಲಿ. ನಮ್ಮ ಮೇಲೆ ಕೂತಿರುವ ಗಾಳಿಯ ಭಾರ ಕಡಿಮೆ, ನೀರು ಬೇಗ ಕುದಿಯುತ್ತದೆ. ಅಂದಿನ ಸಂಜೆ ಬಣ್ಣದ ಮನೆಯ ಹಬೆಯಲ್ಲಿ ನಿಂತು, ಕೆಂಪು, ಹಳದಿ, ಗಿಳಿಹಸಿರು ಲಡಿಗಳು ಗಳದ ಮೇಲೆ ತೊಟ್ಟಿಕ್ಕುವುದನ್ನು ನೋಡುತ್ತ, ಮುದ್ರಿತವಾದ ಹಾಳೆಗಿಂತ ನಮ್ಮ ಹಂಡೆಯೇ ಸರಿಯೆಂದು ತಿಳಿದ ಆನಂದ ನನಗೆ ಇಂದಿಗೂ ಮರೆತಿಲ್ಲ. ಈಗ ಆ ಬಣ್ಣದ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ.

ಪಂಪು ಮಾಡುವುದೂ ಗಾಳಿಯ ಭಾರದ ಲೆಕ್ಕವನ್ನೇ ಅಲ್ಲವೇ? ಹೊರಗಿನ ಗಾಳಿಗೆ ಇಪ್ಪತ್ತೇಳರಷ್ಟೇ ಭಾರವಿದ್ದರೆ ಗೇಜಿನ ಮುಳ್ಳು ಮೂವತ್ತಕ್ಕೆ ಹೋಗುವುದಾದರೂ ಹೇಗೆ? ಮೂವತ್ತು ಸಮುದ್ರದಂಡೆಯವರ ಮೂವತ್ತು. ಇದು ನನ್ನ ಊಹೆ ಮಾತ್ರವೋ ಅಲ್ಲವೋ ಎಂಬುದಕ್ಕೆ ಪರೀಕ್ಷೆಯೂ ಇತ್ತು: ಪಂಪು ನಿಲ್ಲಿಸಿ, ಕವಾಟ ಮುಚ್ಚಿ, ಮುಳ್ಳನ್ನು ಕಾಯುವುದು. ಸೋರಿಕೆಯಿದ್ದರೆ ಅದು ಮೇಲಕ್ಕೆ ಏರಲೇಬೇಕು. ಸ್ಪ್ಯಾನರನ್ನು ಕೆಳಗಿಟ್ಟೆ.

ಅಕ್ಕ ಕಾಫಿ ತಂದು ಪಕ್ಕದಲ್ಲಿಟ್ಟಳು. "ಏನು ಕಾಯ್ತಿದೀಯಾ?"

"ಏನೂ ಆಗದೆ ಇರ್ಲಿ ಅಂತ ಕಾಯ್ತಿದೀನಿ."

"ಅದಕ್ಕಾದ್ರೆ ನಾನೂ ಕಾಯ್ತೀನಿ ಬಿಡು," ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು.

ನೆರಳು ಕಾರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಿತು. ಮುಳ್ಳು ಏರಲಿಲ್ಲ.

ಗ್ಯಾಸು ತುಂಬುವಾಗ ತೂಕವನ್ನೇ ನಂಬಬೇಕು, ಒತ್ತಡವನ್ನಲ್ಲ. ಹೊರಗಿನ ಬಿಸಿಲಿಗೆ ತಕ್ಕಂತೆ ಒತ್ತಡ ಬದಲಾಗುತ್ತದೆ. ಎಷ್ಟು ಗ್ರಾಂ ಬೇಕೆಂದು ಬಾನೆಟ್ಟಿನ ಒಳಗಿನ ಚೀಟಿ ಹೇಳುತ್ತಿತ್ತು. ಭಾವ ನೂಲು ತೂಗುತ್ತಿದ್ದ ತಕ್ಕಡಿಯನ್ನು ಅಕ್ಕ ಅಟ್ಟದಿಂದ ಇಳಿಸಿಕೊಟ್ಟಳು. ಬೆಂಗಳೂರಿನಿಂದ ತಂದಿದ್ದ ಗ್ಯಾಸಿನ ಡಬ್ಬಿಯನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ, ಕೊಳವೆಯೊಳಗಿನ ಗಾಳಿಯನ್ನು ಹೊರದಬ್ಬಿ, ಕಡಿಮೆ ಒತ್ತಡದ ಬದಿಯಿಂದ ಬಿಟ್ಟೆ. ಮೊದಲಿಗೆ ನಿರ್ವಾತವೇ ಎಳೆದುಕೊಂಡಿತು. ಆಮೇಲೆ ಎಂಜಿನ್ ಚಾಲೂ ಮಾಡಿ, ಎ.ಸಿ. ಹಾಕಿ, ಹೆಚ್ಚು ಒತ್ತಡದ ಕವಾಟ ಮುಚ್ಚಿಯೇ ಇದೆಯೆಂದು ಮತ್ತೊಮ್ಮೆ ಖಚಿತಪಡಿಸಿಕೊಂಡು ಉಳಿದದ್ದನ್ನು ನಿಧಾನವಾಗಿ ಬಿಟ್ಟೆ. ತಣ್ಣಗಾದ ಡಬ್ಬಿಯ ಮೈಮೇಲೆ ಮಂಜು ಕಟ್ಟಿತು. ಕಂಪ್ರೆಸರ್ ಕಟ್ಟೆಂದು ಸದ್ದು ಮಾಡಿ ಓಡತೊಡಗಿತು. ಅಕ್ಕ ಗಾಳಿಕಿಂಡಿಯ ಮುಂದೆ ಕೈಯಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕೈಯನ್ನೂ ಇಟ್ಟಳು.

"ಬೆಳಗ್ಗೆ ಎಷ್ಟೊತ್ತಿಗೆ ಹೊರಡೋಣ?" ಎಂದಳು.

ಮರುದಿನ ರಾಜಾನುಕುಂಟೆ ದಾಟಿದ ಮೇಲೆ ಟಿಪ್ಪರೊಂದು ನಮ್ಮ ಮುಂದೆ ಸೇರಿತು. ಕೆಂಪು ಧೂಳು ಮುಂದಿನ ಗಾಜನ್ನು ಮುಚ್ಚಿತು. ಅಭ್ಯಾಸಬಲದಿಂದ ಅಕ್ಕನ ಕೈ ಸೆರಗನ್ನು ಮೂಗಿಗೆ ಒಯ್ದಿತು. ಕಿಟಕಿಗಳು ಮುಚ್ಚಿದ್ದವು, ಒಳಗೆ ತಂಪಿತ್ತು. ಅವಳು ಸೆರಗನ್ನು ಕೆಳಗಿಳಿಸಿ ಮಾತಿಗೆ ತೊಡಗಿದಳು. ಈ ರಸ್ತೆಯಲ್ಲಿ ಅವಳು ಮಾತನಾಡಿದ್ದನ್ನು ನಾನು ಕೇಳಿ ಬಹಳ ಕಾಲವಾಗಿತ್ತು.

ಭಾವ ಈ ಕಾರು ತಂದ ಮೊದಲ ದಿನ ಘಾಟಿಯ ದೇವಸ್ಥಾನಕ್ಕೆ ಪೂಜೆಗೆಂದು ಹೋದ ಕಥೆ. "ಸೋನೆ ಮಳೆ ಹಿಡ್ಕೊಂಡಿತ್ತು ಕಣೋ. ಏರಲ್ಲಿ ಗಾಡಿ ನಿಂತೋಯ್ತು. ಇವ್ರು ಇಳಿಯಲ್ಲ ಅಂತಾರೆ, ಹೊಸ ಪಂಚೆ! ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಎತ್ತಿನ ಗಾಡೀಲಿ ಬರ್ತಿದ್ರು. ಇಬ್ರು ಇಳಿದು ತಳ್ಳಿದ್ರು ನೋಡು, ಮೇಲಿನ್ವರ್ಗೂ ತಳ್ಳಿದ್ರು..."

ಅಂದು ಮಳೆ ಇರಲಿಲ್ಲ. ಎತ್ತಿನ ಗಾಡಿಯೂ ಇರಲಿಲ್ಲ. ಏರಿನ ತುದಿಯವರೆಗೆ ಕಾರು ತಳ್ಳಿದವನು ನಾನೊಬ್ಬನೇ, ಅದೂ ಉರಿಬಿಸಿಲಿನಲ್ಲಿ. ತಿದ್ದಲು ಬಾಯಿ ತೆರೆದೆ. ಅವಳು ಎಲ್ಲೂ ನಿಲ್ಲದೆ, ಏದುಸಿರು ಬಿಡದೆ, ಒಂದು ವಾಕ್ಯದಿಂದ ಇನ್ನೊಂದಕ್ಕೆ ಹೋಗುತ್ತಿದ್ದಳು.

"ಆಮೇಲೆ?" ಎಂದೆ.